ನೋಡಿಕೊಳ್ಳುವವರ ಮನೆ

"ನೀರು ಕಾದಿದೆ ಅಕ್ಕಾ. ಇನ್ನೊಂದ್ಸಲ ಕಾಯ್ಸಲ್ಲ ನಾನು. ಇದು ಮೂರನೇ ಸಲ."

ಬಾಗಿಲಾಚೆಯಿಂದ ಓಡಿಲೋನ್ ಕೂಗಿದ. ಅಲೀದಾ ಕಣ್ಣು ಬಿಟ್ಟುಕೊಂಡೇ ಮಲಗಿದ್ದಳು. ಬೆಳಗಿನ ಜಾವದಿಂದಲೂ ಹಾಗೇ ಇದ್ದಳು.

"ಎಷ್ಟು ಗಂಟೆ?"

"ಒಂಬತ್ತು ಹತ್ತು. ನರ್ಸಮ್ಮ ಬರೋದು ಹತ್ತೂವರೆಗೆ. ಇವತ್ತು ಗುರುವಾರ. ನಿನ್ನೆ ಬುಧವಾರ ಇತ್ತು, ನೀನು ನೋಡ್ಲಿಲ್ಲ."

"ಬರ್ತೀನಿ, ಹೋಗು."

"ಎಂಟು ಗಂಟೆಗೂ ಬರ್ತೀನಿ ಅಂದೆ. ಕಾಲು ನೆಲಕ್ಕಿಟ್ಟ ಸದ್ದು ಕೇಳಿದ್ಮೇಲೇ ನಾನು ಹೋಗೋದು."

ಅಲೀದಾ ಹೊದಿಕೆಯಿಂದ ಒಂದು ಕಾಲು ಹೊರಗೆಳೆದು ನೆಲಕ್ಕೆ ಬಡಿದಳು.

"ಇನ್ನೊಂದು?"

"ಅದೂ ಬಂತು."

"ಸುಳ್ಳು. ಒಂದೇ ಸದ್ದು ಕೇಳ್ತು. ನಿನಗೆ ಎರಡು ಕಾಲಿದೆ."

ಬೇರೆ ಯಾವ ದಿನವಾಗಿದ್ದರೂ ಆ ಒಂದು ಕಾಲನ್ನೂ ಅವಳು ಒಳಗೆ ಎಳೆದುಕೊಂಡು ಗೋಡೆಯ ಕಡೆ ತಿರುಗುತ್ತಿದ್ದಳು. ಇವತ್ತು ಹಾಗೆ ಮಾಡುವಂತಿರಲಿಲ್ಲ. ಮೂರು ವಾರಕ್ಕೊಮ್ಮೆ ಬರುವ ನರ್ಸು ಓಡಿಲೋನ್ ಹೇಗಿದ್ದಾನೆ, ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗುತ್ತಾನಾ, ಮನೆ ಮನೆಯಂತಿದೆಯಾ ಎಂದು ನೋಡಿಕೊಂಡು ಹೋಗುವವಳು. ಮನೆ ಮನೆಯಂತಿಲ್ಲ ಎಂದು ಅವಳಿಗೆ ಅನ್ನಿಸಿದರೆ ಓಡಿಲೋನನನ್ನು ಬೇರೆ ಮನೆಗೆ ಕಳಿಸುತ್ತಾರೆ. ಕಳಿಸಿದರೆ ಈ ಮನೆಯಲ್ಲಿ ಉಳಿಯುವುದು ಅಲೀದಾ ಒಬ್ಬಳೇ. ಆಮೇಲೆ ಬಾಗಿಲಾಚೆ ನಿಂತು ಎರಡನೇ ಕಾಲಿನ ಲೆಕ್ಕ ಕೇಳುವವರು ಯಾರೂ ಇರುವುದಿಲ್ಲ. 

ಅವಳು ಎರಡನೇ ಕಾಲನ್ನೂ ಕೆಳಗಿಟ್ಟಳು.

ಗೇಲ್ ಊರಿನಲ್ಲಿ ಓಡಿಲೋನನಂಥವರು ಇಲ್ಲದ ಬೀದಿಯಿಲ್ಲ. ಅಜ್ಜನ ಕಾಲದಲ್ಲಿ, ಅವನ ಅಜ್ಜನ ಕಾಲದಲ್ಲಿ, ತಲೆ ಕೆಟ್ಟವರನ್ನು ಎಲ್ಲೆಲ್ಲಿಂದಲೋ ಇಲ್ಲಿಗೆ ಕರೆತಂದು ಬಿಡುತ್ತಿದ್ದರು. ಊರಿನವರು ಅವರಿಗೊಂದು ಕೋಣೆ ಕೊಟ್ಟು, ಪಂಕ್ತಿಯಲ್ಲಿ ಕೂರಿಸಿಕೊಂಡು ಉಣ್ಣುತ್ತಿದ್ದರು. ಬಿಡಾರದವರು ಎಂದು ಅವರಿಗೆ ಹೆಸರು. ತಾಯಿ ಸತ್ತರೆ ಮಗಳಿಗೆ ಮನೆ ಬರುತ್ತದೆ, ಬೀರು ಬರುತ್ತದೆ, ಬಿಡಾರದವರೂ ಬರುತ್ತಾರೆ. ಅಲೀದಾಳ ಪಾಲಿಗೆ ಓಡಿಲೋನ್ ಬಂದದ್ದು ಹಾಗೆಯೇ, ಮೂರು ವರ್ಷದ ಕೆಳಗೆ. ಅದಕ್ಕೂ ಹತ್ತೊಂಬತ್ತು ವರ್ಷ ಮೊದಲಿಂದ ಅವನು ಈ ಮನೆಯಲ್ಲಿದ್ದ. ತಾಯಿಯನ್ನು ಅಮ್ಮ ಎನ್ನುತ್ತಿದ್ದವನು, ತನಗಿಂತ ಮೂರು ವರ್ಷ ಚಿಕ್ಕವಳಾದ ಅಲೀದಾಳನ್ನು ಅಕ್ಕ ಎಂದು ಕರೆಯತೊಡಗಿದ. "ಯಜಮಾನಿಕೆ ಬಂತಲ್ಲ, ಅದಕ್ಕೆ ನೀನು ದೊಡ್ಡೋಳು," ಎಂದು ಕಾರಣ ಕೊಟ್ಟಿದ್ದ.

ಊರಿನಲ್ಲಿ ಇರುವುದು ಎರಡೇ ಜಾತಿ: ನೋಡಿಕೊಳ್ಳುವವರು ಮತ್ತು ಬಿಡಾರದವರು. ನೋಡಿಕೊಳ್ಳುವವರಿಗೇ ಕಾಯಿಲೆ ಬಂದರೆ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. "ಏಣಿ ಹಿಡಿದವಳಿಗೆ ತಲೆ ತಿರುಗಬಾರದು ಕಣೇ" ಎನ್ನುತ್ತಿದ್ದಳು ತಾಯಿ. ತಿರುಗಿದರೆ ಏನು ಮಾಡಬೇಕೆಂದು ಆಕೆಯೂ ಹೇಳಿರಲಿಲ್ಲ.

ಅಲೀದಾಳಿಗೆ ಶುರುವಾದದ್ದು ಆಗಸ್ಟಿನಲ್ಲಿ. ಅವಳು ಬಟ್ಟೆ ಹೊಲಿಯುವವಳು. ಊರಿನವರ ಕೋಟು ಪ್ಯಾಂಟುಗಳನ್ನು ಬಿಗಿ ಮಾಡುವುದು, ಸಡಿಲ ಮಾಡುವುದು ಅವಳ ಜೀವನ. ಒಂದು ಮಧ್ಯಾಹ್ನ ಸೂಜಿಗೆ ದಾರ ಪೋಣಿಸಲು ಕೂತವಳು ದಾರ ಹಿಡಿದುಕೊಂಡೇ ಸಂಜೆ ಮಾಡಿದಳು. ಕಣ್ಣು ಮಂಜಾಗಿದೆಯೆಂದು ಕನ್ನಡಕ ಬದಲಿಸಿದಳು. ಕನ್ನಡಕದಿಂದ ಏನೂ ಆಗಲಿಲ್ಲ. ಸೆಪ್ಟೆಂಬರಿನಲ್ಲಿ ರುಚಿ ಹೋಯಿತು. ಕಾಫಿಗೂ ಬಿಸಿನೀರಿಗೂ ವ್ಯತ್ಯಾಸವಿಲ್ಲ. ಅಕ್ಟೋಬರಿನಲ್ಲಿ ನಿದ್ದೆ ಹೋಯಿತು. ಯಾಕೆ ಎಂದು ಹುಡುಕಿದಳು. ತಾಯಿ ಸತ್ತು ಮೂರು ವರ್ಷ, ಆ ದುಃಖ ಅತ್ತು ಮುಗಿದಿತ್ತು. ಗಂಡನಿಲ್ಲ, ಆದರೆ ಗಂಡ ಬೇಕೆಂದು ಅವಳು ಕೊರಗಿದವಳೂ ಅಲ್ಲ. ಕಾರಣವಿದ್ದರೆ ಅದನ್ನು ಹಿಡಿದು ಜಗಳವಾದರೂ ಆಡಬಹುದಿತ್ತು. ಬರೀ ಭಾರ, ಮಳೆಯಲ್ಲಿ ನೆನೆದ ಕಂಬಳಿಯನ್ನು ಯಾರೋ ಹೊದಿಸಿ ಮರೆತುಹೋದ ಹಾಗೆ. ಹಲ್ಲುಜ್ಜುವುದು ಒಂದು ಬೆಟ್ಟ. ಬಾಚಣಿಗೆ ಎತ್ತುವುದು ಇನ್ನೊಂದು ಬೆಟ್ಟ. ನವೆಂಬರ್ ಒಂದರಿಂದ ಅವಳು ಹೊಸಿಲು ದಾಟಿರಲಿಲ್ಲ.

ಮುಖ ತೊಳೆದು, ಓಡಿಲೋನ್ ಬಾಗಿಲ ಹಿಡಿಗೆ ನೇತುಹಾಕಿದ್ದ ನೀಲಿ ರವಿಕೆ ತೊಟ್ಟು ಅಡಿಗೆಮನೆಗೆ ಬಂದಾಗ ಅವನು ಮೇಜು ಒರೆಸುತ್ತಿದ್ದ. ಒಂದು ವಾರದ ಮುಸುರೆ ಪಾತ್ರೆಗಳು ಎಲ್ಲೂ ಕಾಣಿಸಲಿಲ್ಲ.

"ಪಾತ್ರೆ ಎಲ್ಲಿ?"

"ಒಲೆಯ ಹೊಟ್ಟೆಯಲ್ಲಿ. ಬ್ರೆಡ್ ಸುಡೋ ಕಡೆ. ನರ್ಸಮ್ಮ ಇವತ್ತಿನವರೆಗೂ ಅಲ್ಲಿ ಬಗ್ಗಿ ನೋಡಿಲ್ಲ."

"ತೊಳೀಬಹುದಿತ್ತಲ್ಲ."

"ತೊಳೀಬಹುದಿತ್ತು. ನಾನು ಮೂರು ಸಲ ನೀರು ಕಾಯಿಸ್ತಾ ಇದ್ದೆ." ಅವನು ಬಟ್ಟೆ ಹಿಂಡಿ ಅವಳನ್ನು ಮೇಲಿಂದ ಕೆಳಗೆ ನೋಡಿದ. "ಚೆನ್ನಾಗಿ ಕಾಣ್ತೀಯ. ಗುಂಡಿ ಒಂದು ಮನೆ ತಪ್ಪಿದೆ."

ಅವಳು ಗುಂಡಿ ಬಿಚ್ಚಿ ಹಾಕಿಕೊಳ್ಳಲು ಹೋದಳು. ಬೆರಳುಗಳು ಬೇರೆ ಯಾರದೋ ಎನ್ನುವಂತಿದ್ದವು. ಅವನು ತಲೆ ಬೇರೆ ಕಡೆ ತಿರುಗಿಸಿ ಕಾದ.

"ಓಡಿಲೋನ್, ಅವಳು ಕೇಳಿದ್ರೆ, ಅಕ್ಕ ಚೆನ್ನಾಗಿದ್ದಾಳೆ ಅನ್ನು."

"ಆಗಲ್ಲ."

"ಒಂದೇ ಮಾತು."

"ಸುಳ್ಳು ಹೇಳಿದ್ರೆ ಮೇಲಿನವರು ಬೈತಾರೆ ಅಕ್ಕಾ. ನಿನಗೆ ಗೊತ್ತಲ್ಲ. ಸುಮ್ಮನಿದ್ರೆ ಬೈಯಲ್ಲ. ಸುಮ್ಮನಿರ್ತೀನಿ."

ಮೇಲಿನವರೆಂದರೆ ಅಟ್ಟದ ಮೇಲೆ ಇರುವವರು. ಅಟ್ಟದಲ್ಲಿ ಮುರಿದ ಕುರ್ಚಿ, ಸೇಬಿನ ಬುಟ್ಟಿ ಬಿಟ್ಟರೆ ಏನೂ ಇರಲಿಲ್ಲ. ಆದರೂ ಇಪ್ಪತ್ತೆರಡು ವರ್ಷದಿಂದ ಅವರು ಅವನೊಬ್ಬನಿಗೇ ಕೇಳುವ ಹಾಗೆ ಮಾತಾಡುತ್ತಿದ್ದರು. ಮಾತ್ರೆ ಸರಿಯಾಗಿ ನಡೆದರೆ ಗೊಣಗುತ್ತಿದ್ದರು, ತಪ್ಪಿದರೆ ಕಿರುಚುತ್ತಿದ್ದರು.

"ನಿನಗೂ ಒಂದು ಮಾತ್ರೆ ಬೇಕು ಅನ್ಸುತ್ತೆ," ಎಂದ ಓಡಿಲೋನ್, ಕಾಫಿ ಬಟ್ಟಲು ಜೋಡಿಸುತ್ತ.

"ನನಗೇನಾಗಿದೆ?"

"ನನಗೆ ಹುಚ್ಚು ಅಂತ ಸರ್ಕಾರದ ಕಾಗದ ಇದೆ, ಮೂರು ಮೊಹರು ಬಿದ್ದಿದ್ದು. ಕಾಗದ ಇದ್ರೆ ಆರಾಮ. ನಿನ್ಹತ್ರ ಕಾಗದ ಇಲ್ಲ, ಅದೇ ನಿನ್ನ ಕಷ್ಟ."

ಅವಳಿಗೆ ನಗು ಬರಬೇಕಿತ್ತು. ಒಂದು ಕಾಲದಲ್ಲಿ ಇಂಥ ಮಾತಿಗೆ ಅವಳೂ ತಾಯಿಯೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಈಗ ಅದು ಇನ್ನಾರದೋ ಮನೆಯ ರೇಡಿಯೋದಂತೆ ಕೇಳಿ ಹೋಯಿತು.

ಹಿತ್ತಲ ಬಾಗಿಲು ತಟ್ಟುವ ಮೊದಲೇ ತೆರೆಯಿತು. ಎದುರು ಮನೆಯ ಇರ್ಮಾ ಮುಚ್ಚಳದ ಪಾತ್ರೆ ಹಿಡಿದು ಒಳಗೆ ಬಂದಳು. ಇರ್ಮಾ ಬಂದರೆ ಅವಳ ಕಣ್ಣು ಅವಳಿಗಿಂತ ಮೊದಲು ಬರುತ್ತದೆ.

"ಸೂಪು ಮಾಡಿದ್ದೆ, ಹೆಚ್ಚಾಯ್ತು. ಮೊಮ್ಮಗಳ ಕೋಟು ಆಯ್ತೇನೇ?"

"ನಾಳೆ ಇರ್ಮಾ."

"ನಾಳೆ ಅಂತ ತಿಂಗಳಾಯ್ತು. ಆ ಮಗು ಬೆಳೆದುಬಿಟ್ಟಿದೆ, ಈಗ ಉದ್ದ ಬೇರೆ ಬಿಡ್ಬೇಕು." ಇರ್ಮಾ ಪಾತ್ರೆ ಇಟ್ಟು ಕುರ್ಚಿಯ ತುದಿಯಲ್ಲಿ ಕೂತಳು. "ಒಂದನೇ ತಾರೀಕು, ಸರ್ವಸಂತರ ಹಬ್ಬದ ದಿನ, ಸ್ಮಶಾನದಲ್ಲಿ ಎಲ್ಲರೂ ಇದ್ವಿ. ನಿನ್ನಮ್ಮನ ಗೋರಿಗೆ ಸೇವಂತಿಗೆ ಕುಂಡ ಇವನೊಬ್ಬನೇ ತಂದಿಟ್ಟ. ಜನ ಕೇಳಿದ್ರು, ಮಗಳೆಲ್ಲಿ ಅಂತ. ನಾನು ಜ್ವರ ಅಂದೆ."

"ಹೌದು, ಜ್ವರ."

"ಜ್ವರದ ಮುಖ ನನಗೆ ಗೊತ್ತಿಲ್ವಾ?" ಇರ್ಮಾ ಧ್ವನಿ ಇಳಿಸಿದಳು. ಓಡಿಲೋನ್ ಎರಡು ಮಾರು ದೂರದಲ್ಲೇ ನಿಂತಿದ್ದ. ಊರಿನವರು ಬಿಡಾರದವರ ಮುಂದೆಯೇ ಬಿಡಾರದವರ ಮಾತು ಆಡುವುದು ಹೀಗೆಯೇ, ಧ್ವನಿ ಇಳಿಸಿ, ಕೇಳುವ ಹಾಗೆ. "ಇವನ ಕಾಟ ಜಾಸ್ತಿ ಆಗಿದೆಯೇನೇ? ಹಗಲೆಲ್ಲ ನಿಮ್ಮ ಹಿತ್ತಲಲ್ಲಿ ಓಡಾಡ್ತಿರ್ತಾನೆ, ನಾನು ನೋಡಿದೀನಿ. ನಿನ್ನನ್ನ ಸೊರಗಿಸಿಬಿಟ್ಟ. ನರ್ಸಿಗೆ ಹೇಳು. ಸುಮ್ಮನೆ ನುಂಗ್ಕೊಂಡು ಕೂರ್ಬೇಡ."

ಅಲೀದಾ ಬಾಯಿ ತೆರೆದಳು. ಇಲ್ಲ ಇರ್ಮಾ, ಅವನಲ್ಲ ಎನ್ನಬೇಕಿತ್ತು. ಅಂದರೆ ಮುಂದಿನ ಪ್ರಶ್ನೆ ಬರುತ್ತದೆ: ಹಾಗಾದರೆ ಏನು? ಅದಕ್ಕೆ ಉತ್ತರ ಕೊಡುವಷ್ಟು ಉಸಿರು ಅವಳಲ್ಲಿರಲಿಲ್ಲ.

"ನೋಡ್ತೀನಿ," ಎಂದಳು.

ಓಡಿಲೋನ್ ಬಟ್ಟಲುಗಳ ಹಿಡಿಗಳನ್ನೆಲ್ಲ ಒಂದೇ ದಿಕ್ಕಿಗೆ ತಿರುಗಿಸುತ್ತಿದ್ದ. ತಲೆ ಎತ್ತಲಿಲ್ಲ. ಇರ್ಮಾ ಅವನ ಬೆನ್ನನ್ನೊಮ್ಮೆ, ಅಲೀದಾಳ ಮುಖವನ್ನೊಮ್ಮೆ ನೋಡಿ, ನಿಟ್ಟುಸಿರಿಟ್ಟು ಹೊರಟುಹೋದಳು.

"ಹಿತ್ತಲಲ್ಲಿ ಏನು ಮಾಡ್ತಿದ್ದೆ?" ಎಂದಳು ಅಲೀದಾ. "ನೀನು ದಿನಾ ಸಸಿತೋಟಕ್ಕೆ ಕೆಲಸಕ್ಕೆ ಹೋಗ್ತೀಯಲ್ಲ."

ಅವನು ಸುಮ್ಮನಿದ್ದ. ಸುಮ್ಮನಿದ್ದರೆ ಮೇಲಿನವರು ಬೈಯುವುದಿಲ್ಲ.

ನರ್ಸು ವೇರ್ಲೆ ಹತ್ತೂವರೆಗೆ ಎರಡು ನಿಮಿಷ ಮೊದಲೇ ಬಂದಳು. ಮೂವತ್ತರ ಆಸುಪಾಸಿನ ಚುರುಕಿನ ಹೆಂಗಸು, ಹಳೆಯ ಬಿಳಿ ಕಾರು, ಕಂಕುಳಲ್ಲಿ ದಪ್ಪ ಫೈಲು. ಕಾಫಿ ಕುಡಿದಳು, ಚಳಿಯ ಮಾತಾಡಿದಳು, ಮಾತ್ರೆಯ ಡಬ್ಬಿ ತೆಗೆದು ಎಣಿಸಿದಳು. ಮಾತ್ರೆ ಸರಿಯಾಗಿಯೇ ಇದ್ದವು. ಅಲೀದಾ ಎರಡೂ ಕೈಗಳನ್ನು ತೊಡೆಯ ಮೇಲೆ ಒಂದರ ಮೇಲೊಂದು ಇಟ್ಟು, ಮುಖದ ಮೇಲೆ ಒಂದು ಕಿರುನಗೆ ಕೂರಿಸಿಕೊಂಡು, ಅದು ಜಾರದಂತೆ ಕಾಯುತ್ತಿದ್ದಳು. ಹದಿನೈದು ನಿಮಿಷ ಕಳೆದರೆ ಸಾಕು. ಮುಂದಿನ ಮೂರು ವಾರ ಯಾರೂ ಬರುವುದಿಲ್ಲ.

"ಇನ್ನೊಂದು ವಿಷಯ," ಎಂದಳು ವೇರ್ಲೆ. "ನಿನ್ನೆ ಸಸಿತೋಟದವರು ಫೋನ್ ಮಾಡಿದ್ರು. ರಜೆ ದಿನ ಬಿಟ್ಟು, ಓಡಿಲೋನ್ ಹನ್ನೊಂದು ದಿನದಿಂದ ಕೆಲಸಕ್ಕೆ ಬಂದಿಲ್ಲವಂತೆ. ಜ್ವರ ಇರ್ಬೇಕು ಅಂದ್ಕೊಂಡು ಸುಮ್ಮನಿದ್ರಂತೆ. ಅಲೀದಾ ಅವರೇ, ನಿಮಗೆ ಗೊತ್ತಿತ್ತಾ?"

ಕಿರುನಗೆ ಜಾರಿತು. "ಇಲ್ಲ. ದಿನಾ ಎಂಟು ಗಂಟೆಗೆ ಸೈಕಲ್ ತಗೊಂಡು ಹೋಗ್ತಾನೆ. ಬುತ್ತಿ ತಗೊಂಡು ಹೋಗ್ತಾನೆ. ನಾನು... ಸದ್ದು ಕೇಳ್ತೀನಿ."

"ಎಲ್ಲಿಗೆ ಹೋಗ್ತಿದ್ರಿ ಓಡಿಲೋನ್?"

ಓಡಿಲೋನ್ ಮೇಜಿನ ಮೇಲಿನ ಸಕ್ಕರೆ ಹರಳನ್ನು ಬೆರಳ ತುದಿಯಿಂದ ಒತ್ತಿ ಎತ್ತಿಕೊಂಡ.

"ಮೇಲಿನವರು ಹೋಗ್ಬೇಡ ಅಂದ್ರಾ?"

ಅವನು ಆ ಹರಳನ್ನು ಬಾಯಿಗೆ ಹಾಕಿಕೊಂಡ.

"ಸರಿ. ನಿಮ್ಮ ಕೋಣೆಗೆ ಹೋಗೋಣ ಬನ್ನಿ, ಐದು ನಿಮಿಷ. ನಾವಿಬ್ಬರೇ."

ಅದು ಪ್ರತಿ ಸಲದ ಪದ್ಧತಿ. ಇಬ್ಬರೂ ಮೆಟ್ಟಿಲು ಹತ್ತಿದರು. ಮೇಲೆ ಬಾಗಿಲು ಮುಚ್ಚಿದ ಸದ್ದಾಯಿತು. ಅಲೀದಾ ಅಡಿಗೆಮನೆಯ ಮಧ್ಯದಲ್ಲಿ ನಿಂತಳು. ಹನ್ನೊಂದು ದಿನ. ಹಗಲೆಲ್ಲ ನಿಮ್ಮ ಹಿತ್ತಲಲ್ಲಿ ಎಂದಿದ್ದಳು ಇರ್ಮಾ. ಹಿತ್ತಲಲ್ಲಿ ಇದ್ದದ್ದು ಒಂದೇ, ತಾಯಿ ಕೋಳಿ ಸಾಕುತ್ತಿದ್ದ ಕಾಲದ ಹಲಗೆಯ ಶೆಡ್ಡು.

ಹಿತ್ತಲ ಬಾಗಿಲು ಅಷ್ಟು ಭಾರವೆಂದು ಅವಳಿಗೆ ನೆನಪಿರಲಿಲ್ಲ. ಹೊಸಿಲ ಮೇಲೆ ಒಂದು ಗಳಿಗೆ ನಿಂತಳು. ತಣ್ಣನೆಯ ಮಂಜು ಮೂಗಿಗೆ ಹತ್ತಿತು. ಶೆಡ್ಡಿಗೆ ಇಪ್ಪತ್ತು ಹೆಜ್ಜೆ. ಎಣಿಸಿಕೊಂಡೇ ನಡೆದಳು, ಎಣಿಸದಿದ್ದರೆ ಎಂಟನೆಯದಕ್ಕೇ ಹಿಂದಿರುಗಿಬಿಡುತ್ತಿದ್ದಳು.

ಒಳಗೆ ಅವನ ಸೈಕಲ್ಲು ಗೋಡೆಗೆ ಒರಗಿತ್ತು. ಬಿಯರಿನ ಖಾಲಿ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಗೋಣಿ ಹಾಸಿತ್ತು. ಅಲೀದಾ ಅದರ ಮೇಲೆ ಕೂತಳು. ಕೂತರೆ ಹಲಗೆಯ ಸಂದಿಯಿಂದ ಕಾಣುವುದು ಒಂದೇ ಒಂದು, ಅವಳ ಮಲಗುವ ಕೋಣೆಯ ಕಿಟಕಿ. ಪಕ್ಕದಲ್ಲಿ ಬ್ರೆಡ್ಡಿನ ಅಂಚುಗಳು, ತಳದಲ್ಲಿ ಕಾಫಿ ಒಣಗಿದ ಫ್ಲಾಸ್ಕು, ಶಾಲೆಯ ಮಕ್ಕಳು ಬಳಸುವ ಚೌಕುಳಿ ಗೆರೆಯ ಒಂದು ಪುಸ್ತಕ. ಅವನ ಕೈಬರಹ ಇರುವೆ ಸಾಲಿನಂತಿತ್ತು.

*2ನೇ ತಾರೀಕು. 8.15 ಪರದೆ ಸರಿದಿಲ್ಲ. 9.40 ಪರದೆ ಸರಿದಿಲ್ಲ. 11.05 ಕೈ ಕಾಣಿಸಿತು. ಇದ್ದಾಳೆ.*

*5ನೇ ತಾರೀಕು. 8.10 ಇಲ್ಲ. 10 ಇಲ್ಲ. 12 ಇಲ್ಲ. 1.30 ಒಳಗೆ ಹೋಗಿ ಬಾಗಿಲಿಗೆ ಕಿವಿಯಿಟ್ಟೆ. ಕೆಮ್ಮಿದಳು. ಇದ್ದಾಳೆ.*

*10ನೇ ತಾರೀಕು. ಚಳಿ. ಕೈ ಮರಗಟ್ಟಿತು. ಸಸಿತೋಟಕ್ಕೆ ಹೋಗದ ಸೋಮಾರಿ ಎಂದು ಮೇಲಿನವರು ಬೈದರು. ಹೋದರೆ ಇವಳನ್ನು ಯಾರು ನೋಡುತ್ತಾರೆ ಎಂದೆ. ಸುಮ್ಮನಾದರು. 2.20 ದೀಪ. ಇದ್ದಾಳೆ.*

ಪ್ರತಿ ದಿನದ ಕೊನೆಗೂ ಅದೇ ಒಂದು ಮಾತು. ಅಲೀದಾ ಪುಟ ತಿರುಗಿಸಿದಳು, ಮತ್ತೆ ತಿರುಗಿಸಿದಳು. ಬೆಳಿಗ್ಗೆ ಏಳದಿದ್ದರೆ ಸಾಕು ಎಂದುಕೊಂಡು ತಾನು ಮಲಗುತ್ತಿದ್ದದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅವನಿಗೆ ಯಾರು ಹೇಳಿದರು?

ಅವಳು ಅಳಲಿಲ್ಲ, ಅಳುವೂ ಅಕ್ಟೋಬರಿನಲ್ಲೇ ಹೋಗಿತ್ತು. ಪುಸ್ತಕ ಹಿಡಿದುಕೊಂಡು ಇಪ್ಪತ್ತು ಹೆಜ್ಜೆ ವಾಪಸು ನಡೆದಳು.

ಅಡಿಗೆಮನೆಗೆ ಬಂದಾಗ ವೇರ್ಲೆ ಕೆಳಗಿಳಿದು ಫೈಲಿನಲ್ಲಿ ಬರೆಯುತ್ತಿದ್ದಳು. ಓಡಿಲೋನ್ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ.

"ಕೂತ್ಕೊಳ್ಳಿ ಅಲೀದಾ ಅವರೇ. ನನಗನ್ಸೋದು, ಮತ್ತೆ ಶುರುವಾಗಿದೆ. ಕೆಲಸ ಬಿಟ್ಟಿದ್ದಾರೆ, ನಿಮ್ಮಿಂದ ಮುಚ್ಚಿಟ್ಟಿದ್ದಾರೆ, ನನ್ಹತ್ರ ಬಾಯಿ ಬಿಡ್ತಿಲ್ಲ. ಹೊರಗಡೆ ಎದುರುಮನೆಯವರೂ ನನ್ನ ನಿಲ್ಲಿಸಿ ಹೇಳಿದ್ರು, ಹಿತ್ತಲಲ್ಲಿ ಅಡಗಿ ಕೂರ್ತಾರೆ ಅಂತ. ಡಾಕ್ಟರ್ ಹತ್ರ ಮಾತಾಡ್ತೀನಿ. ಕೆಲವು ವಾರ ಆಸ್ಪತ್ರೆಯಲ್ಲಿಟ್ಟು ಮಾತ್ರೆ ಹೆಚ್ಚು ಮಾಡಿ ನೋಡೋದು ಒಳ್ಳೇದು."

"ಚೀಲ ತುಂಬಲಾ?" ಎಂದ ಓಡಿಲೋನ್. ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಎರಡು ಪೈಜಾಮ ಸಾಕಲ್ವಾ?"

"ಓಡಿಲೋನ್," ಎಂದಳು ಅಲೀದಾ.

"ಇರ್ಲಿ ಬಿಡಕ್ಕಾ. ನನಗೆ ಅಭ್ಯಾಸ ಇದೆ. ಅಲ್ಲಿ ಗುರುವಾರ ಗುರುವಾರ ಮೀನು ಕೊಡ್ತಾರೆ."

ಅವನು ಮೆಟ್ಟಿಲ ಕಡೆ ತಿರುಗಿದ. ಅಲೀದಾ ಇನ್ನು ಸುಮ್ಮನಿದ್ದರೆ ಸಾಕಿತ್ತು. ಸುಮ್ಮನಿದ್ದರೆ ವೇರ್ಲೆ ಬರೆದು ಮುಗಿಸುತ್ತಾಳೆ, ಮೊಹರು ಬೀಳುತ್ತದೆ, ಅಲೀದಾಳ ಹೆಸರು ಎಲ್ಲೂ ಬರುವುದಿಲ್ಲ. ಕೆಲವೇ ವಾರ ಅಷ್ಟೇ, ಮತ್ತೆ ಬರುತ್ತಾನೆ. ಅಷ್ಟರಲ್ಲಿ ತಾನೂ ಸರಿಹೋಗಬಹುದು. ಇಷ್ಟೂ ಯೋಚನೆಗಳು ಬಹಳ ನಯವಾಗಿ, ಬಹಳ ಬೇಗ ಅವಳ ಮನಸ್ಸಿನಲ್ಲಿ ಬಂದವು. ತಿಂಗಳುಗಳಿಂದ ಯಾವ ಯೋಚನೆಯೂ ಅಷ್ಟು ಬೇಗ ಬಂದಿರಲಿಲ್ಲ. ಅದರಿಂದಲೇ ಅವಳಿಗೆ ಹೆದರಿಕೆಯಾಯಿತು.

"ಅವನಲ್ಲ," ಎಂದಳು. "ನಾನು."

"ನಿಮಗೆ ಸುಸ್ತಾಗಿದೆ, ನೋಡಿದ್ರೆ ಗೊತ್ತಾಗುತ್ತೆ," ಎಂದಳು ವೇರ್ಲೆ, ಬರೆಯುತ್ತಲೇ. "ಇಂಥವರನ್ನ ನೋಡಿಕೊಳ್ಳೋದು ಸುಮ್ಮನೆ ಮಾತಲ್ಲ. ಇವರು ಆಸ್ಪತ್ರೆಯಲ್ಲಿರೋವಾಗ ನಿಮಗೂ ಸ್ವಲ್ಪ ವಿಶ್ರಾಂತಿ—"

"ಸುಸ್ತಲ್ಲ."

"ಅಂದ್ರೆ ಇವರ ಚಿಂತೆ—"

"ಇವನ ಚಿಂತೆ ಅಲ್ಲ ಕಣಮ್ಮ! ಒಲೆಯ ಹೊಟ್ಟೆ ತೆಗೆದು ನೋಡಿ."

ವೇರ್ಲೆ ತಲೆ ಎತ್ತಿದಳು. ಅಲೀದಾ ತಾನೇ ಹೋಗಿ ಬಗ್ಗಿ ಬಾಗಿಲು ಎಳೆದಳು. ಪಾತ್ರೆಗಳ ಹಳಸಿದ ವಾಸನೆ ಹೊರಬಂತು. ಒಂದು ಚಮಚ ಉರುಳಿ ನೆಲಕ್ಕೆ ಬಿತ್ತು.

"ಇದು ನಾನು. ಈ ರವಿಕೆ ಅವನು ತೆಗೆದಿಟ್ಟದ್ದು. ಹದಿನೇಳು ದಿನ ಆಯ್ತು, ನಾನು ಮೈಗೆ ನೀರು ಹಾಕ್ಕೊಂಡಿಲ್ಲ. ಇವತ್ತು ಮುಖ ತೊಳೆದದ್ದು ನಿಮಗೋಸ್ಕರ. ಬಟ್ಟೆ ಹೊಲಿಯೋಕೆ ಆಗಲ್ಲ. ಉಂಡದ್ದು ಗೊತ್ತಾಗಲ್ಲ. ಬೆಳಿಗ್ಗೆ ಏಳದೇ ಹೋದ್ರೆ ಸಾಕು ಅಂತ ಮಲಗ್ತೀನಿ, ಬೆಳಗಾದ್ರೆ ಮತ್ತೆ ಎಚ್ಚರ ಇರ್ತೀನಿ." ಅವಳು ಚೌಕುಳಿ ಪುಸ್ತಕವನ್ನು ಮೇಜಿನ ಮೇಲಿಟ್ಟಳು. "ಇವನು ಕೆಲಸಕ್ಕೆ ಹೋಗದೆ ಹಿತ್ತಲಲ್ಲಿ ಕೂತು ನನ್ನ ಕಾವಲು ಕಾಯ್ತಿದ್ದ. ನಾನು ಸುಳ್ಳು ಹೇಳು ಅಂದೆ. ಅವನು ಹೇಳ್ಲಿಲ್ಲ."

ವೇರ್ಲೆ ಪುಸ್ತಕ ತೆರೆದು ಓದಿದಳು. ಓದುತ್ತಾ ಅವಳ ಕುತ್ತಿಗೆ ಕೆಂಪಾಯಿತು. ಮೂರು ಪುಟ ಓದಿ ಮುಚ್ಚಿದಳು.

"ಎಷ್ಟು ದಿನದಿಂದ?"

"ಆಗಸ್ಟಿಂದ."

"ಆಗಸ್ಟಿಂದ ನಾನು ಐದು ಸಲ ಬಂದಿದ್ದೀನಿ. ಈ ಕುರ್ಚಿಯಲ್ಲೇ ಕೂತಿದ್ದೆ." ಅವಳು ಪೆನ್ನು ಹಿಡಿದಳು, ಫೈಲು ನೋಡಿದಳು, ಎಲ್ಲಿ ಬರೆಯುವುದೆಂದು ತೋಚದೆ ಕೈ ನಿಲ್ಲಿಸಿದಳು. "ನಿಮ್ಮ ಹೆಸರಲ್ಲಿ ನನ್ಹತ್ರ ಕಾಗದಾನೇ ಇಲ್ಲ."

"ನಂದರಲ್ಲಿ ಕೊನೇ ಪುಟದ ಹಿಂದುಗಡೆ ಖಾಲಿ ಇದೆ," ಎಂದ ಓಡಿಲೋನ್. "ಅಲ್ಲಿ ಬರ್ಕೊಳ್ಳಿ. ಅಕ್ಕನಿಗೆ ನಾನು ಜಾಗ ಕೊಡ್ತೀನಿ."

ವೇರ್ಲೆ ನಕ್ಕಳೋ ಏನೋ, ಗಂಟಲಲ್ಲಿ ಒಂದು ಸದ್ದು ಬಂತು. ಎದ್ದು ಹಜಾರಕ್ಕೆ ಹೋಗಿ ಫೋನು ತಿರುಗಿಸಿದಳು. ಡಾಕ್ಟರಿಗೆ ಹನ್ನೆರಡು ಗಂಟೆಗೆ ಬಿಡುವಿದೆಯಂತೆ, ಈಗಲೇ ಹೊರಡಬೇಕಂತೆ. ಅಲೀದಾ ಮೇಜಿನ ಅಂಚು ಹಿಡಿದುಕೊಂಡಳು.

"ಇವನನ್ನ ಕರ್ಕೊಂಡು ಹೋಗ್ತೀರಾ? ಬೇರೆ ಮನೆಗೆ?"

"ಗೊತ್ತಿಲ್ಲ. ಸುಳ್ಳು ಹೇಳಲ್ಲ ನಾನು. ಕಚೇರಿಯಲ್ಲಿ ಹೇಳ್ಲೇಬೇಕು. ನಿಮ್ಮನ್ನ ಆಸ್ಪತ್ರೆಗೆ ಸೇರಿಸಿದ್ರೆ ಇವರು ಕೆಲವು ವಾರ ಬೇರೆ ಕಡೆ ಇರ್ಬೇಕಾಗುತ್ತೆ. ಆಮೇಲೆ ಏನು ಅಂತ ಅವರು ತೀರ್ಮಾನ ಮಾಡ್ತಾರೆ. ನಾನು ನನ್ನ ಮಾತು ಹೇಳ್ತೀನಿ. ಅಷ್ಟೇ ನನ್ನ ಕೈಲಿರೋದು."

ಇದೇ ಮಾತಿಗೆ ಹೆದರಿ ಅವಳು ಇಷ್ಟು ದಿನ ಬಾಯಿ ಕಟ್ಟಿಕೊಂಡಿದ್ದಳು. ಈಗ ಅದು ಎದುರಿಗೇ ಬಂದು ನಿಂತಿತ್ತು, ಹೆದರಿದಷ್ಟೇ ದೊಡ್ಡದಾಗಿ.

"ಬೇರೆ ಮನೆ ಆದ್ರೆ, ಆಲೂಗಡ್ಡೇನ ನಾಲ್ಕು ಭಾಗ ಮಾಡೋ ಮನೆ ಆಗ್ಲಿ," ಎಂದ ಓಡಿಲೋನ್. "ಎರಡೇ ಭಾಗ ಮಾಡೋ ಮನೇಲಿ ನಾನು ಉಣ್ಣಲ್ಲ. ಬರ್ಕೊಳ್ಳಿ."

"ಬರ್ಕೋತೀನಿ," ಎಂದು ವೇರ್ಲೆ ನಿಜವಾಗಿಯೂ ಬರೆದುಕೊಂಡಳು. "ನಾವು ಬರೋ ಹೊತ್ತಿಗೆ ಮೂರು ಗಂಟೆ ಆಗ್ಬಹುದು. ಅಲ್ಲಿಯವರೆಗೆ ಒಬ್ಬರೇ ಇರ್ತೀರಾ ಓಡಿಲೋನ್?"

"ಹದಿನೇಳು ದಿನದಿಂದ ಒಬ್ಬನೇ ಇದ್ದೀನಲ್ಲ."

ಅವನು ಅದನ್ನು ಕೊಂಕಾಗಿ ಅನ್ನಲಿಲ್ಲ, ಕೇಳಿದ್ದಕ್ಕೆ ಲೆಕ್ಕ ಕೊಟ್ಟನಷ್ಟೆ. ಅಲೀದಾ ಕೋಟಿನ ತೋಳಿಗೆ ಕೈ ತೂರಿಸುತ್ತಿದ್ದವಳು ಹಾಗೇ ನಿಂತಳು. ಇಷ್ಟು ದಿನ ಈ ಮನೆಯಲ್ಲಿ ಒಂಟಿಯಾಗಿರುವುದು ತಾನೊಬ್ಬಳೇ ಎಂದುಕೊಂಡಿದ್ದಳು. ಗೋಡೆಯಾಚೆ, ಹಲಗೆಯ ಸಂದಿಯಾಚೆ ಇನ್ನೊಬ್ಬರು ಅಷ್ಟೇ ಒಂಟಿಯಾಗಿ ಚಳಿಯಲ್ಲಿ ಕೂತಿರಬಹುದೆಂದು ಅವಳ ಕಾಯಿಲೆ ಅವಳಿಗೆ ಹೇಳಿರಲಿಲ್ಲ.

"ನನ್ನ ಮೇಲೆ ಸಿಟ್ಟಾ?" ಎಂದಳು.

ಅವನು ಯೋಚಿಸಿದ. "ಬೆಳಿಗ್ಗೆ ಇತ್ತು. ಇರ್ಮಾ ಮುಂದೆ 'ನೋಡ್ತೀನಿ' ಅಂದೆಯಲ್ಲ, ಆವಾಗ. ಈಗ ಸ್ವಲ್ಪ ಇದೆ. ಸಂಜೆಗೆ ಹೋಗುತ್ತೆ."

ಹೊರಗೆ ಮಂಜು ತಿಳಿಯಾಗಿರಲಿಲ್ಲ. ಮನೆಯ ಮುಂಬಾಗಿಲಿಂದ ಕಾರಿನವರೆಗೆ ಅಲೀದಾ ಕಲ್ಲುಹಾಸನ್ನೇ ನೋಡಿಕೊಂಡು ನಡೆದಳು. ಮುಂದಿನ ಸೀಟಿನಲ್ಲಿ ಕೂತಳು. ಆ ಕಾರಿನಲ್ಲಿ ಆ ಜಾಗದಲ್ಲಿ ಕೂರುತ್ತಿದ್ದವರು ಬಿಡಾರದವರು; ಅವರ ಚೀಲ ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದವಳು ಅವಳ ತಾಯಿ. ವೇರ್ಲೆ ಕೀಲಿ ತಿರುಗಿಸಿದಳು. ಕಾರು ಕೆಮ್ಮಿತು, ನಿಂತಿತು. ಇನ್ನೊಮ್ಮೆ ತಿರುಗಿಸಿದಳು. ಕೆಮ್ಮೂ ಬರಲಿಲ್ಲ.

"ಥೂ, ಈ ದರಿದ್ರದ್ದು. ಚಳಿಗೆ ಹೀಗೇ ಮಾಡುತ್ತೆ."

"ಗೇರ್ ಎರಡನೇದಕ್ಕೆ ಹಾಕಿ ಕ್ಲಚ್ ಮೇಲೆ ಕಾಲು ಒತ್ತಿಟ್ಕೊಳ್ಳಿ," ಎಂದ ಓಡಿಲೋನ್, ಕಿಟಕಿಯೊಳಗೆ ತಲೆ ಹಾಕಿ. "ನಾನು ತಳ್ತೀನಿ. ನಾನು ಹೇಳಿದಾಗ ಬಿಡಿ. ಮೊದಲೇ ಬಿಡ್ಬೇಡಿ. ನಮ್ಮಪ್ಪನ ಲಾರಿ ನಾನೇ ತಳ್ತಿದ್ದೆ."

ಅವನು ಹಿಂದೆ ಹೋಗಿ ಎರಡೂ ಅಂಗೈ ಊರಿದ. ಎದುರು ಮನೆಯ ಬಾಗಿಲು ತೆರೆಯಿತು. ಇರ್ಮಾ ಅಂಗಳದಲ್ಲಿ ಬಂದು ನಿಂತು, ಕೈಯನ್ನು ಏಪ್ರನ್ನಿಗೆ ಒರೆಸುತ್ತ, ಬೀದಿಗೆಲ್ಲ ಕೇಳುವಂತೆ ಕೂಗಿದಳು.

"ಏನಪ್ಪಾ ಓಡಿಲೋನ್, ಕೊನೆಗೂ ಆಸ್ಪತ್ರೆಗೆ ಹೊರಟ್ಯಾ?"

ಅಲೀದಾ ಸೀಟಿನಲ್ಲಿ ಕುಗ್ಗಿದಳು. ಕಿಟಕಿಯ ಗಾಜು ಅರ್ಧ ಇಳಿದಿತ್ತು. ಅದನ್ನು ಏರಿಸುವ ಹಿಡಿ ಅವಳ ಮೊಣಕಾಲಿನ ಪಕ್ಕದಲ್ಲೇ ಇತ್ತು. ಅವಳು ಅದರ ಮೇಲೆ ಕೈಯಿಟ್ಟಳು. ಹಿಂದಿನಿಂದ ಓಡಿಲೋನನ ದನಿ ಬರಲಿಲ್ಲ. ಅವನು ಸುಮ್ಮನಿದ್ದಾನೆ, ಹೇಳುವುದನ್ನು ತನಗೇ ಬಿಟ್ಟಿದ್ದಾನೆ ಎಂದು ಅವಳಿಗೆ ಗೊತ್ತಾಯಿತು.

ಅವಳು ಹಿಡಿಯನ್ನು ಇನ್ನೊಂದು ಕಡೆಗೆ ತಿರುಗಿಸಿದಳು. ಗಾಜು ಪೂರ್ತಿ ಇಳಿಯಿತು.

"ಅವನಲ್ಲ ಇರ್ಮಾ. ನಾನು ಹೋಗ್ತಿರೋದು."

"ನೀನಾ? ನಿನಗೇನಾಯ್ತೇ?"

"ಕಾಯಿಲೆ. ಅವನಿಗೆ ಇರೋ ಥರದ್ದೇ, ಬೇರೆ ಜಾತೀದು."

ಇರ್ಮಾಳ ಬಾಯಿ ತೆರೆದೇ ಇತ್ತು. ಏಪ್ರನ್ನಿನಲ್ಲಿ ಕೈ ಒರೆಸುವುದನ್ನು ಮರೆತಿದ್ದಳು.

"ಮತ್ತೆ... ಇವನು ಇಲ್ಲೇನು ಮಾಡ್ತಿದ್ದಾನೆ?"

"ನಾನು ತಳ್ಳೋಕೆ," ಎಂದ ಓಡಿಲೋನ್ ಹಿಂದಿನಿಂದ. "ಒಬ್ಬನ ಕೈಲಿ ಇದು ಅಲ್ಲಾಡಲ್ಲ. ನೋಡ್ಕೊಂಡು ನಿಲ್ಬೇಡ, ಬಾ."

ಇರ್ಮಾ ಚಪ್ಪಲಿಯಲ್ಲೇ ಬೀದಿ ದಾಟಿ ಬಂದಳು. ಕಾರು ಒಂದು ಗೇಣು ಜರುಗಿತು, ನಿಂತಿತು, ಮತ್ತೆ ಜರುಗಿತು. ಚಕ್ರಗಳು ಕಲ್ಲುಹಾಸಿನ ಮೇಲೆ ಮೆಲ್ಲಗೆ ಉರುಳತೊಡಗಿದವು. ಓಡಿಲೋನ್ "ಬಿಡೀ!" ಎಂದು ಕೂಗಿದಾಗ ಇಡೀ ಕಾರು ಒಮ್ಮೆ ಎಗರಿಬಿದ್ದು ಚಾಲೂ ಆಯಿತು. ವೇರ್ಲೆ ಯಾವಾಗಲೋ ಆರಿಸಲು ಮರೆತಿದ್ದ ವೈಪರುಗಳು ತಾವಾಗಿಯೇ ಎದ್ದು, ಒಣ ಗಾಜಿನ ಮೇಲೆ ಕಿರ್ರ್ ಕಿರ್ರ್ ಎಂದು ಅತ್ತಿಂದಿತ್ತ ಆಡತೊಡಗಿದವು.